ಕುಂಕುಮ ಬಣ್ಣದ ಹೆಸರುಗಳು

ಬ್ಯಾಡಗಿಯ ಆ ಮನೆಗೆ ಕಂಪ್ಯೂಟರು ಬಂದದ್ದು ಅಂಗಡಿಗೆ ಬೇಡವಾದ ಮೇಲೆ. ವಿಜಯಮಹಾಂತೇಶ ಮೆಣಸಿನಕಾಯಿ ಪೇಟೆಯ ತನ್ನ ದಲಾಲಿ ಅಂಗಡಿಗೆಂದು ಅದನ್ನು ರಾಣೆಬೆನ್ನೂರಿನಿಂದ ತರಿಸಿದ್ದ. ಘಾಟಿನ ಧೂಳು ಪೆಟ್ಟಿಗೆಯೊಳಗೆ ಹೊಕ್ಕು ಅದು ದಿನಕ್ಕೊಂದು ನೆಪ ತೆಗೆದು ನಿಂತುಬಿಡುತ್ತಿತ್ತು. ಗುಮಾಸ್ತರಂತೂ ಅದರ ಹತ್ತಿರ ಸುಳಿಯಲಿಲ್ಲ. ಬೇಸತ್ತು ಒಂದು ದಿನ ಪ್ರಿಂಟರಿನ ಸಮೇತ ಕೈಗಾಡಿಗೆ ಹೇರಿಸಿ ಮನೆಗೆ ಕಳಿಸಿದ. ನಡುಮನೆಯ ಮೂಲೆಯಲ್ಲಿ, ಹೊಲಿಗೆ ಯಂತ್ರದ ಪಕ್ಕ ಅದಕ್ಕೆ ಜಾಗವಾಯಿತು. ಅವನ ತಾಯಿ ಮುದುಕವ್ವ ಅದಕ್ಕೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಹಳೆಯ ಇಳಕಲ್ ಸೀರೆಯ ತುಂಡೊಂದನ್ನು ಹೊದಿಸಿದಳು. ಆ ಹೊದಿಕೆ ತೆಗೆದು ಅದನ್ನು ಮುಟ್ಟಿದವಳು ಸೊಸೆ ನಿರ್ಮಲಾ ಒಬ್ಬಳೇ.

ನಿರ್ಮಲಾ ಕರ್ಜಗಿಯ ಹುಡುಗಿ. ಅವಳ ಅಜ್ಜ ಶ್ರಾವಣವಿಡೀ ಪುರಾಣ ಓದುತ್ತಿದ್ದವರು. ಕಂಬಕ್ಕೆ ಒರಗಿ ಕೂತು, ಅರ್ಥವಾಗಲಿ ಬಿಡಲಿ, ಆ ಸಾಲುಗಳ ಏರಿಳಿತವನ್ನು ಕಿವಿಗೆ ತುಂಬಿಸಿಕೊಳ್ಳುತ್ತ ಬೆಳೆದವಳು ಆಕೆ. ಗಂಡನ ಮನೆಗೆ ಬಂದ ಮೇಲೂ ಅವಳದು ಕೇಳುವ ಸ್ವಭಾವವೇ ಹೊರತು ಹೇಳುವುದಲ್ಲ. ‘ನನ್ನ ಸೊಸಿ ನಕ್ಕರೂ ಸಪ್ಪಳಾಗಂಗಿಲ್ರಿ’ ಎಂದು ಮುದುಕವ್ವ ಓಣಿಯವರ ಮುಂದೆ ಹೇಳಿಕೊಳ್ಳುತ್ತಿದ್ದಳು. ಅದು ಹೊಗಳಿಕೆಯೋ ದೂರೋ ಕೇಳಿದವರಿಗೆ ತಿಳಿಯುತ್ತಿರಲಿಲ್ಲ.

ಮದುವೆಗೆ ಮುಂಚೆ ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಕನ್ನಡ ಟೈಪು ಮಾಡುವುದನ್ನು ಕಲಿತಿದ್ದಳು. ಈಗ ಮಧ್ಯಾಹ್ನದ ಊಟ ಮುಗಿದು ಮನೆ ಮಲಗಿದ ಹೊತ್ತಿಗೆ, ಕರೆಂಟು ಇದ್ದರೆ, ಮೆಲ್ಲಗೆ ಅದರ ಮುಂದೆ ಕೂಡುತ್ತಿದ್ದಳು. ಮೊದಲು ಮಾಡಿದ್ದು ಉಪ್ಪಿನಕಾಯಿ ಭರಣಿಗಳಿಗೆ ಚೀಟಿ. ‘ಮಾವಿನಕಾಯಿ’, ‘ಲಿಂಬಿಕಾಯಿ’ ಎಂದು ಕಪ್ಪು ಅಕ್ಷರ, ಪಕ್ಕದಲ್ಲಿ ಬೆರಳುಗುರಿನಷ್ಟು ಒಂದು ಕೆಂಪು ಮೆಣಸಿನಕಾಯಿಯ ಚಿತ್ರ. ಆಮೇಲೆ ದಪ್ಪ ಹಾಳೆ ತರಿಸಿಕೊಂಡಳು. ದಪ್ಪ ಹಾಳೆಯನ್ನು ಪ್ರಿಂಟರು ತಾನಾಗಿ ಎಳೆದುಕೊಳ್ಳುತ್ತಿರಲಿಲ್ಲ; ಒಂದೊಂದನ್ನೇ ಕೈಯಲ್ಲಿ ಹಿಡಿದು, ಕೂಸಿಗೆ ತುತ್ತು ಉಣ್ಣಿಸಿದಂತೆ ಒಳಗೆ ತಳ್ಳಬೇಕಾಗಿತ್ತು. ಚಮಚದ ಹಿಂಭಾಗದಿಂದ ಗೆರೆ ತೀಡಿದರೆ ಮಡಿಕೆ ಚೆಂದ ಕೂಡುತ್ತದೆ ಎಂಬುದನ್ನು ತಾನೇ ಕಂಡುಕೊಂಡಳು. ಓಣಿಯ ರಹಿಮತಬಿಯ ಮೊಮ್ಮಗಳ ತೊಟ್ಟಿಲಿಗೆ ಕಾಗದದ ಗಿಳಿಗಳನ್ನು ಮಾಡಿಕೊಟ್ಟಾಗ ಆ ಮುದುಕಿ, “ಅಲ್ಲ ನಿರ್ಮಲಾ, ಆ ಡಬ್ಬಿ ಗಿಳಿನೂ ಹಡೀತೈತೇನವಾ!” ಎಂದು ಗಲ್ಲಕ್ಕೆ ಕೈ ಹಚ್ಚಿಕೊಂಡಿದ್ದಳು.

ಅಷ್ಟರಲ್ಲಿ ನಾದಿನಿ ಐಶ್ವರ್ಯಳ ಮದುವೆ ನಿಶ್ಚಯವಾಯಿತು. ವರ ಚೇತನಕುಮಾರ, ಹಾವೇರಿಯ ಗೊಬ್ಬರದಂಗಡಿ ಪ್ರಭುಲಿಂಗಪ್ಪನ ಮಗ.

“ಊರಿಗೆ ಹಂಚೂ ಪತ್ರಿಕಿ ಪ್ರೆಸ್ಸಿನ್ಯಾಗ ಹಾಕ್ಸೋಣು” ಎಂದಳು ಮುದುಕವ್ವ. “ದೇವರಿಗೆ, ಮಠಕ್ಕ, ಸ್ವಾದರಮಾವಗೋಳಿಗೆ ಕೊಡೂವು ಮಾತ್ರ ನನ್ನ ಸೊಸಿ ಕೈಲೆ ಆಗಬೇಕು. ಮನ್ಯಾಗ ಹುಟ್ಟಿದ್ದು ದೇವರಿಗೆ ಮುಟ್ಟಬೇಕು.”

ಅದುವರೆಗೆ ಯಾರೂ ತನ್ನ ಕೈಗೆ ಇಂಥದೊಂದು ಕೆಲಸ ಒಪ್ಪಿಸಿರಲಿಲ್ಲ. ನಿರ್ಮಲಾ ಹಬ್ಬದ ಅಡುಗೆಗೆ ನಿಂತಂತೆ ನಿಂತಳು. ಪತ್ರಿಕೆಯ ತಲೆಗೆ ಬಂಗಾರ ಬಣ್ಣದ ದೇವರ ಚಿತ್ರ, ಪೇಟೆಯಿಂದ ತಂದು ಅಂಟಿಸಿದ್ದು. ಅಂಚಿಗೆ ಕತ್ತರಿಯಿಂದ ಕೊರೆದ ಹೂಬಳ್ಳಿ, ಮಡಿಕೆಗೆ ರೇಷ್ಮೆ ದಾರದ ಕುಚ್ಚು. ಮೊದಲ ಪ್ರತಿ ತೋರಿಸಿದಾಗ ಓದು ಬಾರದ ಮುದುಕವ್ವ, “ನನ್ನ ಮಗಳ ಹೆಸರು ಎಲ್ಲೈತಿ? ಬೆರಳಿಟ್ಟು ತೋರ್ಸು” ಎಂದಳು. ತೋರಿಸಿದ ಕೂಡಲೇ ಮುಖ ಗಂಟಿಕ್ಕಿದಳು.

“ಯವ್ವಾ, ಇದು ಕರ್ರಗೈತಲ್ಲ! ಮದುಮಕ್ಕಳ ಹೆಸರು ಕರೀದಿರಬಾರದು. ಕುಂಕುಮದ ಬಣ್ಣ ಹಾಕು.”

ಉಳಿದ ಸಾಲುಗಳನ್ನು ಹಾಗೆಯೇ ಬಿಟ್ಟು ವಧೂವರರ ಎರಡು ಹೆಸರುಗಳನ್ನು ಮಾತ್ರ ನಿರ್ಮಲಾ ಕುಂಕುಮದ ಬಣ್ಣಕ್ಕೆ ತಿರುಗಿಸಿದಳು. ನೋಡಿದವರೆಲ್ಲ ಮೆಚ್ಚಿದರು. ಮಾವ ಕೊಟ್ರಪ್ಪನವರು ಕನ್ನಡಕ ಏರಿಸಿ, “ಪ್ರೆಸ್ಸಿನವ ಬಾಯಿ ಬಾಯಿ ಬಡ್ಕೋಬೇಕು” ಎಂದು ನಕ್ಕರು. ಪತ್ರಿಕೆಯನ್ನು ನೋಡಿಯೂ ಏನೂ ಅನ್ನದವಳು ಐಶ್ವರ್ಯ ಒಬ್ಬಳೇ. ನಾಚಿಕೆ ಇರಬೇಕೆಂದುಕೊಂಡಳು ನಿರ್ಮಲಾ.

ಆ ಐತವಾರ ಎರಡೂ ಕಡೆಯ ಹಿರಿಯರು ಕೂಡಿ ಮೊದಲ ಪತ್ರಿಕೆ ಒಪ್ಪಿಸಲು ದೇವರಗುಡ್ಡಕ್ಕೆ ಹೋದರು. ಪೂಜಾರಿ ಅಂಗೈಯಲ್ಲಿ ಭಂಡಾರ ಹಾಕಿಕೊಂಡು, ತೀರ್ಥದ ನೀರಲ್ಲಿ ಕಲಸಿ, ಆ ಹಳದಿಯನ್ನು ಪತ್ರಿಕೆಯ ನಾಲ್ಕು ಮೂಲೆಗೂ ಹಚ್ಚಿದರು. ಮುದುಕವ್ವ ಸೆರಗೊಡ್ಡಿ, “ಅಪ್ಪಾರ, ಹುಡುಗರ ಹೆಸರಿನ ಮ್ಯಾಲೂ ಒಂದೀಟು ಹಚ್ಚರಿ” ಎಂದು ಕೇಳಿಕೊಂಡಳು. ಅವರು ಹೆಬ್ಬೆರಳಿನಿಂದ ಎರಡೂ ಹೆಸರುಗಳ ಮೇಲೆ ಒತ್ತಿ, ಪತ್ರಿಕೆಯನ್ನು ದೇವರ ಮುಂದೆ ಒರಗಿಸಿ ನಿಲ್ಲಿಸಿದರು. ಮಂಗಳಾರತಿ ಮುಗಿದು ಕಣ್ಣು ತೆರೆದಾಗ ಹೆಸರುಗಳಿರಲಿಲ್ಲ. ಅವು ಇದ್ದ ಜಾಗದಿಂದ ಕೆಂಪು ನೀರಿನ ಎಳೆಗಳು ಕೆಳಕ್ಕೆ ಇಳಿದಿದ್ದವು. ಅದೇ ನೀರು ಹಾದು ಬಂದ ಕೆಳಗಿನ ಸಾಲುಗಳು, ಮುಹೂರ್ತ, ಸ್ಥಳ, ಹಿರಿಯರ ಹೆಸರು, ಒಂದೂ ಅಳುಕದೆ ನಿಂತಿದ್ದವು. ದೇವರ ಚಿತ್ರ ಹೊಳೆಯುತ್ತಿತ್ತು. ಹುಡುಗ ಹುಡುಗಿಯರನ್ನಷ್ಟೇ ಯಾರೋ ಆರಿಸಿ ತೊಳೆದು ಹಾಕಿದಂತೆ.

ವರನ ತಾಯಿ ಗುತ್ತೆವ್ವ, “ಶಿವಶಿವಾ” ಎಂದು ಹಿಂದಕ್ಕೆ ಸರಿದಳು. ಮುದುಕವ್ವ ನೆಲಕ್ಕೆ ಕುಸಿದಳು. ಮುಂದಿನ ಐತವಾರ ಬಂದು ಹೂವಿನ ಅಪ್ಪಣೆ ಕೇಳುವುದು, ದೇವರ ಬಲಗಡೆಯಿಂದ ಹೂ ಬಿದ್ದರಷ್ಟೇ ಮದುವೆ, ಎಂದು ಗಂಡಸರು ತೀರ್ಮಾನಿಸಿದರು.

ನಿರ್ಮಲಾಳೂ ಅದನ್ನು ದೇವರ ಮಾತೆಂದೇ ನಂಬಿದಳು. ತನ್ನ ಕೈಯಿಂದ ಹೋದ ಪತ್ರಿಕೆ ದೇವರಿಗೆ ಒಲ್ಲದಾಯಿತಲ್ಲ ಎಂದು ಆ ರಾತ್ರಿ ಉಣ್ಣದೆ ತಾಟು ಮುಚ್ಚಿಟ್ಟಳು. ಮುದುಕವ್ವನಂತೂ ಒಪ್ಪತ್ತು ಹಿಡಿದಿದ್ದಳು. ತೊಯ್ದು ಒಣಗಿದ ಆ ಪತ್ರಿಕೆಯನ್ನು ದೇವರ ಜಗಲಿಯ ಮೇಲಿಟ್ಟು, “ಎಲ್ಲಿ ತಪ್ಪಿದ್ನೆಪಾ? ನನ್ನ ಕೂಸಿನ ಹೆಸರರ ಯಾಕ ಬ್ಯಾಡಾತು ನಿನಗ?” ಎಂದು ಕೇಳುತ್ತ ಕೂತುಬಿಟ್ಟಳು.

ಮರುದಿನ ಮಧ್ಯಾಹ್ನ ಮಾವನವರಿಗೆ ಬಡಿಸಲು ಉಪ್ಪಿನಕಾಯಿ ಭರಣಿ ಇಳಿಸಿದಾಗ ನಿರ್ಮಲಾಳ ಕೈ ಅಲ್ಲೇ ನಿಂತಿತು. ತಾನು ಮೊಟ್ಟಮೊದಲು ಮಾಡಿದ ಚೀಟಿ ಅದು. ಹಸಿ ಕೈ, ಹಸಿ ಅರಿವೆ ತಾಗಿ ತಾಗಿ ಕೆಂಪು ಮೆಣಸಿನಕಾಯಿಯ ಚಿತ್ರ ಕರಗಿ ಗುಲಾಬಿ ಕಲೆಯಾಗಿತ್ತು. ‘ಲಿಂಬಿಕಾಯಿ’ ಎಂಬ ಕಪ್ಪು ಅಕ್ಷರ ಅಂದು ಹಚ್ಚಿದಂತೆಯೇ ಇತ್ತು. ಇಷ್ಟು ದಿನ ಕಣ್ಣೆದುರಿಗಿದ್ದೂ ಅದನ್ನು ನೋಡಿರಲಿಲ್ಲ.

ಊಟ ಬಡಿಸಿ, ನಡುಮನೆಯಿಂದ ಉಳಿದ ಪತ್ರಿಕೆಯೊಂದನ್ನು ಸೆರಗಿನಲ್ಲಿ ಮುಚ್ಚಿ ತಂದಳು. ಬೆರಳನ್ನು ತಂಬಿಗೆಯಲ್ಲಿ ಅದ್ದಿ ಮುಹೂರ್ತದ ಸಾಲಿನ ಮೇಲೆ ಒತ್ತಿದಳು, ಏನೂ ಆಗಲಿಲ್ಲ. ಇನ್ನೊಂದು ಹನಿ ನಾದಿನಿಯ ಹೆಸರಿನ ಮೇಲೆ. ಹೆಸರು ಮೊದಲು ಉಬ್ಬಿದಂತಾಗಿ, ಆಮೇಲೆ ಅಂಚು ಬಿಟ್ಟು, ಹರಿದು ಹೋಯಿತು. ಪ್ರಿಂಟರಿನೊಳಗೆ ಶಾಯಿಯ ಡಬ್ಬಿಗಳು ಎರಡು, ಕಪ್ಪಿನದು ಬೇರೆ, ಬಣ್ಣಗಳದು ಬೇರೆ. ಅದನ್ನು ತುಂಬಿಸುತ್ತಿದ್ದವಳೇ ತಾನು.

“ವೈನಿ, ಏನ್ ಮಾಡಾಕತ್ತಿ?”

ಐಶ್ವರ್ಯ ಬಾಗಿಲಲ್ಲಿ ನಿಂತಿದ್ದಳು.

“ನೋಡಿಲ್ಲೆ ಐಶೂ” ಎಂದಳು ನಿರ್ಮಲಾ, ತೊಯ್ದ ಪತ್ರಿಕೆಯನ್ನು ಮುಂದೆ ಹಿಡಿದು. “ದೇವರಲ್ಲ, ನಾನ. ಬಣ್ಣದ ಶಾಯಿ ನೀರಿಗೆ ನಿಲ್ಲಂಗಿಲ್ಲ. ಈಗ ಹೋಗಿ ನಿಮ್ಮವ್ವಗ ಹೇಳ್ತೇನಿ. ಪಾಪ, ಉಪಾಸ ಬಿದ್ದಾಳ.”

ಐಶ್ವರ್ಯ ಒಳಗೆ ಬಂದು ಬಾಗಿಲು ಮುಂದಕ್ಕೆ ದೂಡಿದಳು. ಅತ್ತಿಗೆಯ ಒದ್ದೆ ಕೈಯನ್ನು ಎರಡೂ ಕೈಯಿಂದ ಹಿಡಿದಳು.

“ಹೇಳಬ್ಯಾಡ ವೈನಿ. ನಿನ್ನ ಕಾಲಿಗೆ ಬೀಳ್ತೇನಿ.”

“ಹುಚ್ಚಿ! ಲಗ್ನಾ ನಿಂತ ಹೋಗೂ ಹೊತ್ತು ಬಂದೈತಿ.”

“ನಿಲ್ಲಲಿ.”

ಆಮೇಲೆ ಅವಳು ಒಲೆಯ ಕಡೆ ಮುಖ ಮಾಡಿಕೊಂಡು ಹೇಳಿದಳು. ನಿಶ್ಚಯದ ದಿನ ಹಾವೇರಿಯಲ್ಲಿ ಊಟದ ಹೊತ್ತು. ಚೇತನಕುಮಾರನ ಅಜ್ಜಿ ಮಜ್ಜಿಗೆ ನೀಡಲು ಬಂದಿದ್ದಳು.

“ಮುದುಕಿ ಕೈ ನಡುಗಿ ಅವನ ಪ್ಯಾಂಟಿನ ಮ್ಯಾಲ ಚೆಲ್ತು. ‘ಇರ್ಲಿ ಬಿಡಬೇ ಅಜ್ಜಿ’ ಅಂತ ನಕ್ಕೋತ ಅಂದ. ಅನ್ಕೋತನ ಆಕಿ ಮುಂಗೈ ಹಿಡದು ತಿರುವಿದ, ಅರಿವಿ ಹಿಂಡಿದಂಗ. ಆಕಿ ಬಾಯಿ ತೆರದ್ಲು, ದನಿ ಬರಲಿಲ್ಲ. ಎದುರಿಗೆ ಕುಂತಾಕಿ ನಾ ಒಬ್ಬಾಕಿನ ಕಂಡೆ. ಆಕಿ ಯಾಕ ಒದರಲಿಲ್ಲ ಹೇಳು ವೈನಿ? ರೂಢಿ ಆಗೇತಿ ಆಕಿಗೆ.”

“ನಿಮ್ಮವ್ವಗ ಹೇಳಿದ್ಯಾ?”

“ಅವತ್ತ ಸಂಜಿಗೇ ಹೇಳ್ದೆ. ‘ಗಂಡಸಿನ ಸಿಟ್ಟು, ಹೇಣ್ತಿ ಬಂದಮ್ಯಾಲ ಇಳೀತೈತಿ, ಬಾಯಿ ಮುಚ್ಚು’ ಅಂದ್ಲು. ಅಪ್ಪಗ ಹೇಳಾಕ ಧೈರ್ಯ ಸಾಲಲಿಲ್ಲ. ನನ್ನ ಮಾತು ಈ ಮನ್ಯಾಗ ಯಾರಿಗೂ ಕೇಳಂಗಿಲ್ಲ ವೈನಿ. ದೇವರ ಮಾತು ಕೇಳ್ತೈತಿ. ನೀ ಸುಮ್ಮನ ಇದ್ದಬಿಡು. ಸುಮ್ಮನಿರೂದು ನಿನಗೇನು ಹೊಸಾದೇನು?”

ಕೊನೆಯ ಮಾತು ನಿರ್ಮಲಾಳಿಗೆ ನಾಟಿತು. ಪತ್ರಿಕೆಯನ್ನು ಒಲೆಗೆ ಹಾಕಲು ಹೋದಳು. ದೇವರ ಚಿತ್ರವಿದ್ದ ಕಾಗದ, ಸುಡಲಾಗಲಿಲ್ಲ. ಮಡಿಚಿ ಅಕ್ಕಿಯ ಡಬ್ಬಿಯಲ್ಲಿ ಇಟ್ಟಳು.

ಸುಮ್ಮನಿರುವುದು ಇಷ್ಟು ಭಾರವೆಂದು ಅವಳಿಗೆ ಗೊತ್ತಿರಲಿಲ್ಲ. ಮಾತಾಡಿದರೆ ಹುಡುಗಿಯನ್ನು ತಾನೇ ಕೈ ಹಿಡಿದು ಆ ಮನೆಗೆ ದಾಟಿಸಿದಂತೆ. ಬಾಯಿ ಮುಚ್ಚಿದರೆ ದೇವರ ಹೆಸರಿನಲ್ಲಿ ಸುಳ್ಳು. ಆ ಸುಳ್ಳಿಗೂ ಹೇಗೋ ಮನಸ್ಸನ್ನು ಒಪ್ಪಿಸಿಕೊಳ್ಳುತ್ತಿದ್ದಳೇನೋ. ಆದರೆ ಜಗಲಿಯ ಮುಂದೆ ಅತ್ತೆ ಕೂತಿದ್ದಳಲ್ಲ! ಹೊಟ್ಟೆಗಿಲ್ಲದೆ ಬತ್ತಿದ ಮುಖ. ಅವಳು ಬಂದ ಹೆಂಗಸರಿಗೆಲ್ಲ ಹೇಳುತ್ತಿದ್ದುದೊಂದೇ: “ನನ್ನ ಮಗಳನ್ನ ದೇವರು ತೊಳದು ಒಗದಾನವ್ವ.” ಕೇಳಿದವರು ಐಶ್ವರ್ಯಳ ಕಡೆ ಒಂದು ನಮೂನೆ ನೋಡಿ ಹೋಗುತ್ತಿದ್ದರು. ಇನ್ನೆಂಥ ಒಳ್ಳೆಯ ಮನೆ ಬಂದರೂ ಈ ಮಾತು ಅವಳ ಮುಂದೆ ಮುಂದೆ ಹೋಗುತ್ತದೆ ಎಂಬುದು ನಿರ್ಮಲಾಳಿಗೆ ಹೊಳೆಯಿತು. ದೇವರ ಮುಂದೆ ಕೈ ಮುಗಿದರೆ ಕಣ್ಣು ಮೇಲೇಳುತ್ತಿರಲಿಲ್ಲ. ಅಜ್ಜ ಓದುತ್ತಿದ್ದ ಸಾಲುಗಳು ಕಿವಿಯಲ್ಲಿ ಬಂದರೂ ನಡುವೆ ಕಡಿದು ಹೋಗುತ್ತಿದ್ದವು.

ವಾರದ ನಡುವೆ, ಹೇಳದೆ ಕೇಳದೆ ಪ್ರಭುಲಿಂಗಪ್ಪ ಹೆಂಡತಿಯನ್ನು ಕರೆದುಕೊಂಡು ಬಂದ. ಗಟ್ಟಿ ದನಿಯ, ಎಲ್ಲದಕ್ಕೂ ನಗುವ ಮನುಷ್ಯ. ಚಾಪೆಯ ಮೇಲೆ ಕೂಡುತ್ತಲೇ ಶುರು ಮಾಡಿದ.

“ಬೀಗರ, ನಾ ವಿಚಾರ ಮಾಡಿದೆ. ಅಪ್ಪಣಿ ಗಿಪ್ಪಣಿ ಅಂತ ಯಾಕ ತಲಿ ಕೆಡಿಸ್ಕೋಬೇಕ್ರಿ? ಮನ್ಯಾಗ ಮಾಡಿದ ಪತ್ರಿಕಿ, ಬಣ್ಣ ಬಿಟ್ಟಿರಬೇಕು. ಕರೀರಿ ನಿಮ್ಮ ಸೊಸೀನ.”

“ದೇವರ ಸನ್ನಿಧಾನದಾಗ ಆದದ್ದನ್ನ ಹಂಗನಬ್ಯಾಡ್ರಿ” ಎಂದಳು ಮುದುಕವ್ವ, ಕೆನ್ನೆ ಬಡಿದುಕೊಂಡು.

ನಿರ್ಮಲಾ ಚಹಾದ ತಾಟು ಹಿಡಿದು ಬಂದು ನಿಂತಳು. ವಿಜಯಮಹಾಂತೇಶ ಕಂಬದ ಹತ್ತಿರವಿದ್ದ. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಐಶ್ವರ್ಯಳ ಬಳೆ ಒಂದು ಸಲ ಸದ್ದು ಮಾಡಿ ಸುಮ್ಮನಾಯಿತು.

“ಹೇಳವಾ ತಂಗಿ” ಎಂದ ಪ್ರಭುಲಿಂಗಪ್ಪ. “ಮಷಿನ್ನಿಂದೋ, ದೇವರದೋ?”

ನಿರ್ಮಲಾ ತಾಟು ಕೆಳಗಿಟ್ಟು ಒಳಗೆ ಹೋದಳು. ಅಕ್ಕಿಯ ಡಬ್ಬಿಗೆ ಕೈ ಹಾಕಿದಾಗ ಐಶ್ವರ್ಯ ಅವಳ ಸೆರಗು ಜಗ್ಗಿದಳು. “ವೈನಿ, ಬ್ಯಾಡ.” ಬಿಡಿಸಿಕೊಂಡು ಹೊರಗೆ ಬಂದು, ಅತ್ತೆಯ ಮುಂದೆ ಕೂತು, ಪತ್ರಿಕೆ ಬಿಚ್ಚಿ, ಅದರಲ್ಲಿ ಇನ್ನೂ ಉಳಿದಿದ್ದ ವರನ ಹೆಸರಿನ ಮೇಲೆ ತಂಬಿಗೆಯ ನೀರಿನ ಒಂದು ಹನಿ ಬಿಟ್ಟಳು. ಎಲ್ಲರ ಕಣ್ಣೆದುರೇ ಅದು ಕರಗಿತು. ಕಪ್ಪು ಸಾಲಿನ ಮೇಲೆ ನೀರು ಮುತ್ತಿನಂತೆ ನಿಂತಿತು.

“ಶಾಯಿ ನಂದ್ರಿ ಅತ್ತಿ. ದೇವರ ನಿಮ್ಮ ಮಗಳನ್ನ ತೊಳದಿಲ್ಲ. ಆಕಿ ಮ್ಯಾಲ ಅವನ ಸಿಟ್ಟಿಲ್ಲ.”

ಮುದುಕವ್ವ ಪತ್ರಿಕೆಯನ್ನು ಮುಟ್ಟಿ ಬೆರಳು ನೋಡಿಕೊಂಡಳು. ಕೆಂಪಾಗಿತ್ತು. ಅವಳ ಮುಖ ಒಮ್ಮೆ ಬಿಚ್ಚಿಕೊಂಡಿತು.

“ನಾ ಹೇಳ್ಲಿಲ್ಲೇನು!” ಪ್ರಭುಲಿಂಗಪ್ಪ ತೊಡೆ ತಟ್ಟಿ ನಕ್ಕ. “ನಾಳಿಗೇ ಪ್ರೆಸ್ಸಿಗೆ ಕೊಡ್ರಿ ಬೀಗರ.”

“ನಂದಿನ್ನೂ ಮುಗದಿಲ್ರಿ” ಎಂದಳು ನಿರ್ಮಲಾ. ಅವಳ ದನಿ ಅಷ್ಟು ದೊಡ್ಡದಾಗಿ ಆ ಮನೆಯಲ್ಲಿ ಕೇಳಿಸಿದ್ದು ಅದೇ ಮೊದಲು. “ಅರ್ಧಾ ಖರೇ ಹೇಳಿ ಎದ್ದು ಹೋದ್ರ ನನಗ ದೋಷ ಬರ್ತೈತಿ. ಹೆಸರು ಹೋದಾಗ ಈ ಮನ್ಯಾಗ ಒಬ್ಬಾಕಿಗೆ ಸಮಾಧಾನ ಆಗಿತ್ತು. ಯಾಕಂತ ಆಕೀನ್ನ ಕೇಳ್ರಿ. ನೀವು ಕೇಳದಿದ್ರ ನಾ ಹೇಳ್ತೇನಿ.” ಐಶ್ವರ್ಯ ಹೊರಗೆ ಬರಲಿಲ್ಲ. ನಿರ್ಮಲಾಳೇ ಹೇಳಿದಳು: ಮಜ್ಜಿಗೆ, ನಗು, ಮುದುಕಿಯ ಮುಂಗೈ.

ಪ್ರಭುಲಿಂಗಪ್ಪನ ನಗು ಮುಖದ ಮೇಲೇ ಒಣಗಿತು. “ಏನ್ ಮಾತಾಡ್ತೀ ತಂಗಿ? ಆಕಿ ವಯಸ್ಸಾದಾಕಿ, ಬೀಳ್ತಾಳ, ಏಳ್ತಾಳ. ವಿಜಯಮಹಾಂತೇಶಾ, ನಿನ್ನ ಹೇಣ್ತಿ ಬಾಯಿ ಹಿಡಿ!”

“ಒಳಗ ನಡಿ” ಎಂದ ವಿಜಯಮಹಾಂತೇಶ, ಹಲ್ಲು ಕಚ್ಚಿ.

ಮುದುಕವ್ವ ಕೈ ಎತ್ತಿ ಮಗನನ್ನು ತಡೆದಳು. ಅವಳು ಬೀಗನ ಕಡೆ ನೋಡಲೇ ಇಲ್ಲ; ಬೀಗತಿಯ ಕಡೆ ತಿರುಗಿದಳು.

“ಗುತ್ತೆವ್ವಾರ, ಸುಳ್ಳು ಅಂತ ನೀವ್ ಒಂದ ಮಾತು ಅನ್ರಿ. ಅಷ್ಟ ಸಾಕು ನನಗ. ನಾ ನಂಬ್ತೇನಿ.”

ಗುತ್ತೆವ್ವ ಚಹಾದ ಬಟ್ಟಲನ್ನು ನೋಡುತ್ತಿದ್ದಳು. ಅದರ ಮೇಲೆ ಕೆನೆ ಕಟ್ಟಿತು. ಗಂಡ, “ಹೇಳ!” ಎಂದು ಗದರಿದ. ಅವಳು ಕೂತಲ್ಲೇ ಬೆಚ್ಚಿದಳು, ತುಟಿ ಅಲುಗಿತು, ಮಾತು ಹೊರಡಲಿಲ್ಲ.

ಮುದುಕವ್ವ ನೆಲಕ್ಕೆ ಕೈಯೂರಿ ಎದ್ದಳು. “ನಾ ಇದನ್ನ ದೇವರ ಮ್ಯಾಲ ಹಾಕಂಗಿಲ್ರಿ ಬೀಗರ. ಅಪ್ಪಣಿ ಆಗಲಿಲ್ಲ ಅಂತ ಊರಿಗೆ ಹೇಳಿದ್ರ ನಮಗೂ ಚೊಲೋ, ನಿಮಗೂ ಚೊಲೋ. ಆದ್ರ ಅದು ಸುಳ್ಳು. ನನ್ನ ಮಗಳಿಗೆ ಮನಸಿಲ್ಲ. ಆಕಿ ನನಗ ಮೊದಲ ಹೇಳಿದ್ಲು. ಕಿವಿ ಇದ್ದೂ ನಾ ಕೇಳಲಿಲ್ಲ.”

ಕೊಟ್ರಪ್ಪನವರು, “ಏ, ಸ್ವಲ್ಪ ಸೈರಣಿ ಹಿಡಿ” ಎಂದು ಏನೋ ಹೇಳಲು ಹೋದರು. ಅಷ್ಟರಲ್ಲಿ ಪ್ರಭುಲಿಂಗಪ್ಪ ಚಪ್ಪಲಿ ಮೆಟ್ಟಿಯಾಗಿತ್ತು. “ಹುಡುಗಿ ಒಲ್ಲೆ ಅಂದಳಂತ ಹೇಳ್ತೇನಿ ಎಲ್ಲಾರಿಗೂ. ನೋಡೂಣು, ಇನ್ನ ಯಾರ ಬರ್ತಾರ ನಿಮ್ಮ ಹೊಸ್ತಲಿಗೆ!” ಗುತ್ತೆವ್ವ ಅವನ ಹಿಂದೆ ಹೋದಳು. ಹೊಸ್ತಿಲು ದಾಟುವಾಗ ಒಮ್ಮೆ ತಿರುಗಿ ಅಡುಗೆಮನೆಯ ಬಾಗಿಲನ್ನು ನೋಡಿದಳು, ಅಷ್ಟೆ.

ಅವನು ಹೇಳಿದಂತೆಯೇ ಮಾಡಿದ. ಮಾತು ಹಾವೇರಿಯಿಂದ ಬಸ್ಸು ಹತ್ತಿ ಬ್ಯಾಡಗಿಗೆ ಇಳಿಯಲು ತಡವಾಗಲಿಲ್ಲ. ಪೇಟೆಯಲ್ಲಿ ವಿಜಯಮಹಾಂತೇಶನಿಗೆ, “ಏನಪಾ ಸಾವ್ಕಾರ, ನಿಮ್ಮ ಮನ್ಯಾಗ ಡಬ್ಬಿನ ಲಗ್ನಾ ಮುರೀತಂತಲ್ಲೋ?” ಎಂದು ಕೇಳುವವರಾದರು. ಅವನು ಬಂದು ಕಂಪ್ಯೂಟರಿನ ವೈರುಗಳನ್ನೆಲ್ಲ ಕಿತ್ತು ಇಳಕಲ್ ತುಂಡನ್ನು ಬಿಗಿಯಾಗಿ ಸುತ್ತಿದ. ಹೆಂಡತಿಯ ಜೊತೆ ಮಾತು ಬಿಟ್ಟ. ಕೊಟ್ರಪ್ಪನವರು ಉಣ್ಣುವಾಗ ತಲೆ ಎತ್ತುತ್ತಿರಲಿಲ್ಲ.

ಐಶ್ವರ್ಯಳೂ ಸಂತೋಷ ಪಡಲಿಲ್ಲ. “ನೀ ಸುಮ್ಮನಿದ್ದಿದ್ರ ಎಲ್ಲಾ ದೇವರ ಮ್ಯಾಲ ಹೋಗ್ತಿತ್ತು ವೈನಿ” ಎಂದಳು ಒಂದು ದಿನ, ಕಾಳು ಹಸನು ಮಾಡುತ್ತ. “ಈಗ ನನ್ನ ಮ್ಯಾಲ ಬಂದೈತಿ.” ನಿರ್ಮಲಾ ಮೊರವನ್ನು ತನ್ನ ಕಡೆ ಎಳೆದುಕೊಂಡು ಕಲ್ಲು ಆರಿಸತೊಡಗಿದಳು. ಹುಡುಗಿ ಉಳಿದಳೆಂಬುದು ನಿಜ. ಅವಳ ಮಾತೂ ನಿಜ.

ಮದುವೆ ಆಗಬೇಕಿದ್ದ ವಾರವೇ ಮುದುಕವ್ವ, ಉಳಿದ ಪತ್ರಿಕೆಗಳನ್ನೆಲ್ಲ ಬಟ್ಟೆಯಲ್ಲಿ ಗಂಟು ಕಟ್ಟಿದಳು. “ದೇವರಿದ್ದ ಕಾಗದ, ಸುಡಬಾರದು, ತುಳಿಯೂ ಜಾಗಾದಾಗ ಒಗೀಬಾರದು. ಹೊಳಿಗೆ ಬಿಡೋಣು ನಡೀರಿ” ಎಂದು ಸೊಸೆ, ಮಗಳು ಇಬ್ಬರನ್ನೂ ಕರೆದುಕೊಂಡು ರಾಣೆಬೆನ್ನೂರಿಗೆ ಬಂದು, ಅಲ್ಲಿಂದ ಮೇಡ್ಲೇರಿಯ ಬಸ್ಸು ಹಿಡಿದಳು. ತುಂಗಭದ್ರೆ ದಂಡೆಗೆ ಸರಿಯಾಗಿ ಹರಿಯುತ್ತಿದ್ದಳು. ಮೂವರೂ ಮೊಣಕಾಲಮಟ್ಟದ ನೀರಿಗಿಳಿದರು.

ಮುದುಕವ್ವ ಗಂಟು ಬಿಚ್ಚಿ ಒಂದೊಂದನ್ನೇ ನೀರಿಗೆ ಬಿಟ್ಟಳು. ಬಿಟ್ಟ ಕೂಡಲೇ ಪ್ರತಿಯೊಂದರಿಂದಲೂ ಕುಂಕುಮದ ಎಳೆಯೊಂದು ಎದ್ದು, ಅಲ್ಲೇ ಇಲ್ಲದಂತಾಗುತ್ತಿತ್ತು. ಬಂಗಾರದ ದೇವರು, ಹೂಬಳ್ಳಿ, ರೇಷ್ಮೆ ಕುಚ್ಚು ತೇಲುತ್ತ ಹೋದವು. ನಡುವೆ ಬರಿದಾದ ಜಾಗ, ಅದರ ಕೆಳಗೆ ಅಳಿಯದ ಕಪ್ಪು ಸಾಲು: ತಾವು ಸಹಕುಟುಂಬ ಸಪರಿವಾರ ಆಗಮಿಸಬೇಕು.

“ಅಲ್ಲೇನು ಬರದೈತಿ?” ಎಂದು ಕೇಳಿದಳು ಮುದುಕವ್ವ.

ನಿರ್ಮಲಾ ಓದಿ ಹೇಳಿದಳು. ಐಶ್ವರ್ಯಳಿಗೆ ನಗು ಬಂತು. ಬಂದದ್ದು ಅಳುವಾಗಿ ತಿರುಗಿತು. ಮುದುಕವ್ವ ಅವಳ ಮುಂಗೈ ಹಿಡಿದುಕೊಂಡಳು, ಮೆಲ್ಲಗೆ, ಹಿಡಿದಿದ್ದೇ ಗೊತ್ತಾಗದಂತೆ.

“ಇನ್ನೊಮ್ಮೆ ಮಾಡುವಾಗ ಎಲ್ಲಾ ಕರ್ರಗನ ಇರ್ಲಿ ನಿರ್ಮಲಾ” ಎಂದಳು ಹರಿವ ನೀರನ್ನೇ ನೋಡುತ್ತ. “ನೀರು ಬಿದ್ರೂ ನಿಂದ್ರಬೇಕು.”

ಇನ್ನೊಮ್ಮೆ ಎಂಬುದು ಎಂದು, ಯಾರಿಗೆ, ಆ ವೈರುಗಳನ್ನು ಗಂಡ ಮತ್ತೆ ಹಚ್ಚಲು ಬಿಡುತ್ತಾನೋ ಇಲ್ಲವೋ, ನಿರ್ಮಲಾ ಕೇಳಲಿಲ್ಲ. ಕಡೆಯ ಪತ್ರಿಕೆ ಕಾಲಿಗೆ ತೊಡರಿ ನಿಂತಿತ್ತು. ಬಗ್ಗಿ, ಅದನ್ನು ಹರಿವಿಗೆ ದೂಡಿದಳು.